ದೆವ್ವದ ಕತೆ, ಪತ್ತೇದಾರಿ ಕತೆ: ಕಡಿಮೆ ಖರ್ಚಿನಲ್ಲಿ ಹುಡುಕಿ, ಓದಿ, ಇನ್ನೊಬ್ಬರಿಗೆ ದಾಟಿಸುವುದು ಹೇಗೆ?

ಜುಲೈ ತಿಂಗಳ ರಾತ್ರಿ. ತೀರ್ಥಹಳ್ಳಿ ಕಡೆಯ ನಮ್ಮ ಮನೆ. ಕರೆಂಟು ಸಂಜೆಯೇ ಹೋಗಿತ್ತು. ಹೆಂಚಿನ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಚಾರ್ಜರ್ ಲೈಟಿನ ಬೆಳಕಿನಲ್ಲಿ ಒಂದು ಹಳೇ ಪತ್ತೇದಾರಿ ಕಾದಂಬರಿಯ ಕೊನೆಗೆ ಬಂದಿದ್ದೆ. ಪತ್ತೇದಾರ ಎಲ್ಲರನ್ನೂ ಹಜಾರಕ್ಕೆ ಕರೆದು ಕೂರಿಸಿದ್ದ. ಇನ್ನೇನು ಹೆಸರು ಹೇಳಬೇಕು. ಪುಟ ತಿರುಗಿಸಿದೆ. ಮುಂದೆ ಬರೀ ರಟ್ಟು. 176ನೇ ಪುಟಕ್ಕೆ ಪುಸ್ತಕ ಮುಗಿದಿತ್ತು, ಕತೆ ಮುಗಿದಿರಲಿಲ್ಲ.

ಶಿವಮೊಗ್ಗದ ಫುಟ್‌ಪಾತಿನಲ್ಲಿ 30 ರೂಪಾಯಿಗೆ ತಂದ ಪುಸ್ತಕ ಅದು. ಮರುದಿನ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ. ಮೂರು ವಾರ ಕಳೆದ ಮೇಲೆ ಸಾಗರದ ಗೆಳತಿಯ ಅತ್ತೆಯ ಟ್ರಂಕಿನಲ್ಲಿ ಅದೇ ಪುಸ್ತಕದ ಇನ್ನೊಂದು ಪ್ರತಿ ಸಿಕ್ಕಿತು. ಗೆಳತಿ ಕೊನೆಯ ಪುಟಗಳನ್ನು ಫೋನಿನಲ್ಲೇ ಓದಿ ಹೇಳಿದಳು. ನಮ್ಮ ಓದುಗರ ಬಳಗ ಹುಟ್ಟಿದ್ದು ಹಾಗೆ. ಇವತ್ತು ನಾವು ಒಂಬತ್ತು ಜನ ಇದ್ದೇವೆ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದಲ್ಲಿ ಹಂಚಿಹೋಗಿದ್ದೇವೆ.

ನನ್ನ ಅನುಭವದಲ್ಲಿ ಥ್ರಿಲ್ಲರ್ ಅನ್ನುವುದು ಮನೆಯಲ್ಲಿ ಕೂತಿರಬೇಕಾದ ಪುಸ್ತಕ ಅಲ್ಲ. ಕವನ ಸಂಕಲನವನ್ನು ಹತ್ತು ಸಲ ತೆಗೆಯುತ್ತೇವೆ. ಕೊಲೆಗಾರ ಯಾರು ಅಂತ ಗೊತ್ತಾದ ಪುಸ್ತಕವನ್ನು ಮತ್ತೆ ತೆಗೆಯುವುದು ಅಪರೂಪ. ಹಾಗಾಗಿ ಅದು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಲೇ ಇರಬೇಕು. ಹೋದಷ್ಟೂ ಅಗ್ಗವಾಗುತ್ತದೆ. ಅದನ್ನು ಹೇಗೆ ಮಾಡುವುದು ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ನಿಮಗೆ ಯಾವ ಬಗೆಯ ಭಯ ಬೇಕು ಅಂತ ನೋಡಿಕೊಳ್ಳಿ

"ಹಾರರ್ ಬೇಕು" ಅಂದರೆ ಯಾರೂ ಸರಿಯಾದ ಪುಸ್ತಕ ಕೊಡಲಾರರು. ದೆವ್ವ, ಮಾಟ-ಮಂತ್ರ ಬೇಕಾ? ಪೊಲೀಸು, ಕೊಲೆ, ತನಿಖೆ ಬೇಕಾ? ನಿಧಿ, ಶಾಸನ, ಇತಿಹಾಸದ ಒಗಟು ಬೇಕಾ? ಇಲ್ಲಾ ಕಾಡು, ಹುಲಿ, ಬೇಟೆ ಸಾಕಾ? ಇದನ್ನು ಮೊದಲು ತೀರ್ಮಾನಿಸಿದರೆ ಅರ್ಧ ದುಡ್ಡು ಉಳಿದ ಹಾಗೆ.

ಮಾಟದ ಕತೆ ಅಂದ ಕೂಡಲೇ ನಮ್ಮ ಹಿಂದಿನ ತಲೆಮಾರು ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ದ ಹೆಸರು ಹೇಳುತ್ತದೆ. ತೆಲುಗಿನಿಂದ ಬಂದದ್ದು ಅನ್ನುವುದನ್ನೇ ಮರೆತು ಕನ್ನಡದವರು ಓದಿದ ಪುಸ್ತಕ ಅದು. ಪತ್ತೇದಾರಿ ಬೇಕಿದ್ದರೆ ಎನ್. ನರಸಿಂಹಯ್ಯನವರಿಂದ ಶುರು ಮಾಡಿ. ಹೆಚ್ಚು ಓದಲು ಅವಕಾಶ ಸಿಗದ ಮನುಷ್ಯ 500ಕ್ಕೂ ಜಾಸ್ತಿ ಕಾದಂಬರಿ ಬರೆದರು. ಎಷ್ಟೋ ಜನಕ್ಕೆ ಕನ್ನಡ ಓದುವ ಚಟ ಹತ್ತಿಸಿದ್ದೇ ಅವರ ಪುಸ್ತಕಗಳು. ಟಿ.ಕೆ. ರಾಮರಾವ್ ಅವರನ್ನೂ ಬಿಡಬೇಡಿ. ‘ಬಂಗಾರದ ಮನುಷ್ಯ’ ಬರೆದವರು ಪತ್ತೇದಾರಿಯನ್ನೂ ಅಷ್ಟೇ ಬಿಗಿಯಾಗಿ ಬರೆಯುತ್ತಿದ್ದರು.

ಈಗಿನ ಕಾಲದವರಲ್ಲಿ ಕೆ.ಎನ್. ಗಣೇಶಯ್ಯ ಇದ್ದಾರೆ. ಕೃಷಿ ವಿಜ್ಞಾನಿ. ಇತಿಹಾಸದ ಒಂದು ಎಳೆ ಹಿಡಿದು ಥ್ರಿಲ್ಲರ್ ಹೆಣೆಯುತ್ತಾರೆ. ಅವರ ‘ಬಳ್ಳಿಕಾಳ ಬೆಳ್ಳಿ’ಯಲ್ಲಿ ಬರುವುದು ‘ಕಾಳುಮೆಣಸಿನ ರಾಣಿ’ ಅನ್ನಿಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿ, ಅಂದರೆ ನಮ್ಮ ಪಕ್ಕದ ಘಟ್ಟದ ಕತೆ. ಮನೆ ಹಿತ್ತಲಿನ ಕಾಳುಮೆಣಸಿನ ಬಳ್ಳಿಯನ್ನು ಆಮೇಲೆ ಬೇರೆಯೇ ಕಣ್ಣಿನಿಂದ ನೋಡುತ್ತೀರಿ. ಅನುಷ್ ಶೆಟ್ಟಿಯವರ ಕಾದಂಬರಿಗಳನ್ನು ನಮ್ಮ ಬಳಗದ ಕಾಲೇಜು ಹುಡುಗರು ಒಂದೇ ರಾತ್ರಿಗೆ ಮುಗಿಸುತ್ತಾರೆ.

ಇನ್ನು ಕಾಡು. ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ನರ ಶಿಕಾರಿ ಅನುಭವಗಳನ್ನು ‘ಕಾಡಿನ ಕತೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದಿದ್ದಾರೆ. ಆಂಡರ್ಸನ್ 1954ರ ತಮ್ಮ ಮೊದಲ ಇಂಗ್ಲಿಷ್ ಪುಸ್ತಕದಲ್ಲೇ ನಮ್ಮ ತ್ಯಾಗರ್ತಿಯ ಹುಲಿಗಳ ಬಗ್ಗೆ ಬರೆದಿದ್ದರು. ಆನಂದಪುರದ ಕಡೆ ಬಸ್ಸಿನಲ್ಲಿ ಹೋಗುವಾಗ ತ್ಯಾಗರ್ತಿ ಅನ್ನುವ ಬೋರ್ಡು ಕಂಡರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಹೆಜ್ಜೆ 2: ಮನೆಯ ಅಟ್ಟ, ನೆಂಟರ ಟ್ರಂಕು

ಅಂಗಡಿಗೆ ಹೋಗುವ ಮೊದಲು ಅಟ್ಟ ಹತ್ತಿ. ಮಲೆನಾಡಿನ ಹಳೇ ಮನೆಗಳಲ್ಲಿ ಓದುವ ಹೆಂಗಸರು ಒಬ್ಬರಾದರೂ ಇದ್ದೇ ಇದ್ದರು. ವಾರಪತ್ರಿಕೆಯ ಧಾರಾವಾಹಿಯನ್ನು ವಾರವಾರ ಕತ್ತರಿಸಿ, ಜೋಡಿಸಿ, ದಬ್ಬಳದಲ್ಲಿ ತೂತು ಮಾಡಿ, ಗೋಣಿದಾರದಲ್ಲಿ ಹೊಲಿದು ಇಡುತ್ತಿದ್ದರು. ‘ಸುಧಾ’ 1965ರಲ್ಲಿ ಶುರುವಾಯಿತು, ‘ತರಂಗ’ 1983ರಲ್ಲಿ. ಆ ಕಾಲದ ಹೊಲಿಗೆ ಕಟ್ಟು ಈಗಲೂ ಸಿಗುತ್ತದೆ. ನನ್ನ ಚಿಕ್ಕಮ್ಮನ ಕಟ್ಟೊಂದರಲ್ಲಿ ಪ್ರತಿ ಕಂತಿನ ಕೊನೆಗೆ ಪೆನ್ಸಿಲಿನಲ್ಲಿ ಅವರ ಊಹೆ ಇದೆ. "ಡ್ರೈವರ್ ಮೇಲೆ ಅನುಮಾನ." ಮುಂದಿನ ವಾರ, "ಡ್ರೈವರ್ ಅಲ್ಲ." ಕತೆಯಷ್ಟೇ ಆಸೆಯಿಂದ ನಾನು ಆ ಪೆನ್ಸಿಲ್ ಗೆರೆಗಳನ್ನು ಓದಿದೆ.

ನೆಂಟರನ್ನು ಕೇಳುವಾಗ "ಹಳೇ ಪುಸ್ತಕ ಇದೆಯಾ" ಅನ್ನಬೇಡಿ. ಪಠ್ಯಪುಸ್ತಕ ತಂದು ಕೊಡುತ್ತಾರೆ. "ನೀವು ರಾತ್ರಿ ಹೆದರಿಕೊಂಡು ಓದಿದ್ದು ಯಾವುದು ಅತ್ತೆ?" ಅಂತ ಕೇಳಿ. ಹೆಸರೂ ಬರುತ್ತದೆ, ಪುಸ್ತಕವೂ ಬರುತ್ತದೆ. ಜೊತೆಗೆ ಚೌಡಿಯದೋ ಕೊಳ್ಳಿದೆವ್ವದ್ದೋ ಒಂದು ಕತೆಯೂ ಬರುತ್ತದೆ.

ಹೆಜ್ಜೆ 3: ಲೈಬ್ರರಿ

ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಅದರ ಪ್ರಕಾರ ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಅಂದರೆ ಆ ಪುಸ್ತಕಗಳಿಗೆ ನೀವು ಆಗಲೇ ದುಡ್ಡು ಕೊಟ್ಟಾಗಿದೆ. ಶಿವಮೊಗ್ಗದಲ್ಲಿ ಕೇಂದ್ರ ಗ್ರಂಥಾಲಯ ಇದೆ, ತಾಲೂಕು ಊರುಗಳಲ್ಲಿ ಶಾಖೆಗಳಿವೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಿ. ಸದಸ್ಯರಾಗಲು ಸಣ್ಣ ಠೇವಣಿ ಕಟ್ಟಬೇಕಾಗುತ್ತದೆ. ಆಧಾರ್ ಕಾರ್ಡ್ ಜೊತೆಗಿರಲಿ.

ಕಪಾಟಿನ ಮುಂದೆ ನಿಂತಾಗ ಇದನ್ನು ಮಾಡಿ. ಪುಸ್ತಕದ ಹಿಂದಿನ ಒಳರಟ್ಟಿನಲ್ಲಿ ತಾರೀಖು ಮುದ್ರೆ ಒತ್ತುವ ಚೀಟಿ ಅಂಟಿಸಿರುತ್ತಾರೆ. ಅದನ್ನು ನೋಡಿ. ಮುದ್ರೆಗಳು ಒತ್ತೊತ್ತಾಗಿದ್ದು, ಎರಡು ತಾರೀಖಿನ ನಡುವೆ ನಾಲ್ಕೈದೇ ದಿನ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಜನ ಬಿಡದೆ ಓದಿ ಮುಗಿಸಿದ ಪುಸ್ತಕ ಅದು. ಮುನ್ನುಡಿ, ಬೆನ್ನುಡಿಗಿಂತ ಈ ಚೀಟಿಯನ್ನು ನಾನು ಜಾಸ್ತಿ ನಂಬುತ್ತೇನೆ.

ಬೇಕಾದ ಪುಸ್ತಕ ಇಲ್ಲದಿದ್ದರೆ ಸುಮ್ನೆ ವಾಪಸ್ ಬರಬೇಡಿ. ಲೇಖಕರ ಹೆಸರು, ಪುಸ್ತಕದ ಹೆಸರು, ಪ್ರಕಾಶನ ಬರೆದು ಗ್ರಂಥಪಾಲಕರ ಕೈಗೆ ಕೊಡಿ. ಒಬ್ಬರು ಕೇಳಿದ್ದು ಮರೆತುಹೋಗಬಹುದು, ಐದು ಜನ ಕೇಳಿದ್ದು ಮರೆಯುವುದಿಲ್ಲ.

ಹೆಜ್ಜೆ 4: ಹಳೇ ಪುಸ್ತಕ ಕೊಳ್ಳುವಾಗ ನೋಡಬೇಕಾದ್ದು

ಇಲ್ಲಿ ನಿಧಾನ ಮಾಡಿ. ನಾನು ಮೋಸಹೋದದ್ದು ಇಲ್ಲೇ.

ಪುಸ್ತಕವನ್ನು ಬಿಡಿ ಹಾಳೆಯಾಗಿ ಅಚ್ಚು ಮಾಡುವುದಿಲ್ಲ. ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಮಡಚುತ್ತಾರೆ. ಅದಕ್ಕೆ ಫಾರಂ ಅನ್ನುತ್ತಾರೆ. ಸಾಮಾನ್ಯವಾಗಿ ಒಂದು ಫಾರಂಗೆ 16 ಪುಟ. ಹಾಗಾಗಿ ಪುಸ್ತಕದಿಂದ ಬಿದ್ದುಹೋಗುವುದು ಹೆಚ್ಚಾಗಿ ಇಡೀ ಫಾರಂ. ನನ್ನ ಪುಸ್ತಕ ನಿಂತದ್ದು 176ಕ್ಕೆ, ಅಂದರೆ ಸರಿಯಾಗಿ 11 ಫಾರಂಗೆ. ಹನ್ನೆರಡನೆಯದು ಕಳಚಿಹೋಗಿತ್ತು. ಹಳೇ ಪುಸ್ತಕ ಕೈಗೆ ಬಂದರೆ 16-17, 32-33, 48-49, ಹೀಗೆ ಫಾರಂ ಕೂಡುವ ಜಾಗಗಳಲ್ಲಿ ಪುಟಸಂಖ್ಯೆ ಸರಿಯಾಗಿದೆಯಾ ನೋಡಿ. ಇನ್ನೂರು ಪುಟದ ಪುಸ್ತಕಕ್ಕೆ ಒಂದೇ ನಿಮಿಷದ ಕೆಲಸ.

ಕೊನೆಯ ಪುಟ ಇದೆಯಾ ಅಂತ ನೋಡಬೇಕು, ಆದರೆ ಓದಬಾರದು. ಇದಕ್ಕೊಂದು ಉಪಾಯ ಇದೆ. ಅಂಗಡಿಯವರ ಕೈಗೇ ಪುಸ್ತಕ ಕೊಟ್ಟು, "ಕೊನೆಯ ಪುಟ ಪೂರ್ತಿ ಇದೆಯಾ ನೋಡಿ ಅಣ್ಣ" ಅನ್ನಿ. ಅವರು ನೋಡಿ ಹೇಳುತ್ತಾರೆ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಬಾಡಿಗೆ ಲೈಬ್ರರಿಯಿಂದ ಬಂದ ಪುಸ್ತಕವಾದರೆ ಇನ್ನೊಂದು ತೊಂದರೆ. ಯಾರೋ ಪುಣ್ಯಾತ್ಮರು ಮೊದಲ ಪುಟದಲ್ಲೇ "ಕೊಲೆ ಮಾಡಿದ್ದು ಇಂಥವನು" ಅಂತ ಬರೆದಿಟ್ಟಿರುತ್ತಾರೆ. ಮೊದಲ ಎರಡು ಪುಟಗಳನ್ನೂ ಅಂಗಡಿಯವರೇ ನೋಡಲಿ.

ಪುಸ್ತಕದ ಬೆನ್ನನ್ನು ಮೆಲ್ಲಗೆ ಬಗ್ಗಿಸಿ. ಹೊಲಿಗೆ ಹಾಕಿದ ಪುಸ್ತಕ ಬಗ್ಗುತ್ತದೆ. ಬರೀ ಗೋಂದು ಹಚ್ಚಿದ್ದು ಹಳೆಯದಾಗಿದ್ದರೆ ಟಪ್ ಅಂತ ಬಿಡುತ್ತದೆ. ಹತ್ತು ಜನರ ಕೈ ದಾಟಬೇಕಾದ ಪುಸ್ತಕ ಹೊಲಿಗೆಯದೇ ಆಗಿರಲಿ. ಕೊನೆಗೆ ಮೂಸಿ ನೋಡಿ. ಬೂಷ್ಟಿನ ವಾಸನೆ ಜೋರಾಗಿದ್ದರೆ ಬೇಡ. ಅದನ್ನು ಮನೆಗೆ ತಂದರೆ ಪಕ್ಕದ ಪುಸ್ತಕಗಳಿಗೂ ಹತ್ತುತ್ತದೆ.

ಎಲ್ಲಿ ಹುಡುಕಬೇಕು? ಶಿವಮೊಗ್ಗದ ಗಾಂಧಿ ಬಜಾರ್, ನೆಹರು ರಸ್ತೆ, ದುರ್ಗಿಗುಡಿ ಸುತ್ತ ಹೋದಾಗ ಪುಸ್ತಕದಂಗಡಿಯ ಒಳಗಿನ ಮೂಲೆಯನ್ನು ಕೇಳಿ. ವರ್ಷಗಳಿಂದ ಮಾರಾಟವಾಗದೆ ಉಳಿದ ಪ್ರತಿಗಳು ಅಲ್ಲಿರುತ್ತವೆ, ಹಳೇ ಮುದ್ರಿತ ಬೆಲೆಗೇ ಕೊಡುತ್ತಾರೆ. ಗುಜರಿ ಅಂಗಡಿಯವರ ಹತ್ತಿರ ಪರಿಚಯ ಮಾಡಿಕೊಂಡು ಫೋನ್ ನಂಬರ್ ಕೊಟ್ಟು ಬನ್ನಿ. ಯಾವುದೋ ಮನೆ ಖಾಲಿಯಾದಾಗ ಚೀಲಗಟ್ಟಲೆ ಕಾದಂಬರಿ ತೂಕಕ್ಕೆ ಬರುತ್ತದೆ. ಬೆಂಗಳೂರಿಗೆ ಹೋಗುವವರಿದ್ದರೆ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಿಗೆ ಪಟ್ಟಿ ಕಳಿಸಿ. ಜನಶತಾಬ್ದಿ ರೈಲಿನಲ್ಲಿ ಬರುವವರ ಬ್ಯಾಗಿನಲ್ಲಿ ನಾಲ್ಕು ಪುಸ್ತಕಕ್ಕೆ ಜಾಗ ಇದ್ದೇ ಇರುತ್ತದೆ.

ಹೆಜ್ಜೆ 5: ಹೊಸ ಪುಸ್ತಕ, ಕಡಿಮೆ ಬೆಲೆ

ಈಗ ಹೊಸ ಕನ್ನಡ ಕಾದಂಬರಿ ಅಂದರೆ ಪುಟಕ್ಕೆ ಒಂದು ರೂಪಾಯಿಯ ಲೆಕ್ಕ, ಕೆಲವು ಅದಕ್ಕಿಂತಲೂ ಜಾಸ್ತಿ. ನವೆಂಬರ್‌ಗೆ ಕಾಯಿರಿ. ರಾಜ್ಯೋತ್ಸವದ ತಿಂಗಳಲ್ಲಿ ಪ್ರಕಾಶಕರು, ಅಂಗಡಿಯವರು ರಿಯಾಯಿತಿ ಕೊಡುತ್ತಾರೆ. ವರ್ಷವಿಡೀ ಒಂದು ಪಟ್ಟಿ ಬರೆದಿಟ್ಟು ಆ ತಿಂಗಳು ಒಟ್ಟಿಗೆ ತರಿಸುವುದು ನಮ್ಮ ಪದ್ಧತಿ. ಸಾಹಿತ್ಯ ಸಮ್ಮೇಳನದ ಮಳಿಗೆಗಳೂ ಹಾಗೆಯೇ. 2006ರಲ್ಲಿ ಶಿವಮೊಗ್ಗದಲ್ಲೇ 73ನೇ ಅಖಿಲ ಭಾರತ ಸಮ್ಮೇಳನ ಆದಾಗ ಕೊಂಡ ಪುಸ್ತಕಗಳು ನಮ್ಮ ಬಳಗದಲ್ಲಿ ಈಗಲೂ ಸುತ್ತುತ್ತಿವೆ. ಮಳಿಗೆಗೆ ಕೊನೆಯ ದಿನ ಸಂಜೆ ಹೋಗಿ. ಪೆಟ್ಟಿಗೆ ವಾಪಸ್ ಹೊರುವುದಕ್ಕಿಂತ ಕಡಿಮೆಗೆ ಕೊಡುವುದೇ ಮೇಲು ಅಂತ ಅವರಿಗೂ ಅನ್ನಿಸಿರುತ್ತದೆ.

ಹೊಸ ಕಾದಂಬರಿ ಬರುವ ಮೊದಲು ಎಷ್ಟೋ ಪ್ರಕಾಶಕರು ಪ್ರಕಟಣಪೂರ್ವ ಬೆಲೆ ಇಡುತ್ತಾರೆ. ಇಷ್ಟದ ಲೇಖಕರಾದರೆ ಅದೇ ಒಳ್ಳೆಯದು. ಒಂದೊಂದೇ ಪುಸ್ತಕ ತರಿಸಬೇಡಿ, ಅಂಚೆ ಖರ್ಚೇ ಪುಸ್ತಕವನ್ನು ತುಟ್ಟಿ ಮಾಡುತ್ತದೆ. ನಾಲ್ಕೈದು ಜನ ಸೇರಿ ಒಂದೇ ವಿಳಾಸಕ್ಕೆ ತರಿಸಿ. ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಶುರು ಮಾಡಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ಅದು ಶಿಕ್ಷಣ, ಸಮಾಜ, ಸಂಸ್ಕೃತಿ, ಧರ್ಮಕ್ಕೆ ಸಂಬಂಧಿಸಿದ ಮುದ್ರಿತ ಪುಸ್ತಕಗಳಿಗೆ. ಕೌಂಟರಿನಲ್ಲಿ ನಿಮ್ಮ ಪುಸ್ತಕ ತೋರಿಸಿ, ಇದಕ್ಕೆ ಆಗುತ್ತದಾ ಅಂತ ಕೇಳಿಕೊಂಡು ಕಳಿಸಿ.

ಹೆಜ್ಜೆ 6: ಫೋನಿನಲ್ಲಿ ಓದುವುದು

ಭಾರತದಲ್ಲಿ ಲೇಖಕರು ತೀರಿಕೊಂಡ 60 ವರ್ಷದವರೆಗೆ ಪುಸ್ತಕದ ಹಕ್ಕು ಇರುತ್ತದೆ. ಆಮೇಲೆ ಅದು ಎಲ್ಲರದ್ದು. ಬ್ರಾಮ್ ಸ್ಟೋಕರ್, ಎಡ್ಗರ್ ಅಲನ್ ಪೋ, ಕಾನನ್ ಡಾಯ್ಲ್, ಜಿಮ್ ಕಾರ್ಬೆಟ್ ಇವರ ಇಂಗ್ಲಿಷ್ ಮೂಲಗಳು ಹಾಗೆ ಮುಕ್ತವಾಗಿವೆ. ಆದರೆ ಮೂಲ ಮುಕ್ತವಾದ ಮಾತ್ರಕ್ಕೆ ಅನುವಾದ ಮುಕ್ತವಾಗುವುದಿಲ್ಲ. ಅನುವಾದಕರ ಹಕ್ಕು ಬೇರೆ. ತೇಜಸ್ವಿಯವರು ಹೋದದ್ದು 2007ರಲ್ಲಿ. ಅವರ ಪುಸ್ತಕದ ಪಿಡಿಎಫ್ ವಾಟ್ಸಾಪಿನಲ್ಲಿ ಬಂದರೆ ಅದು ಕದ್ದ ಮಾಲು.

ಈ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಕನ್ನಡದಲ್ಲಿ ಒಂದು ಮುದ್ರಣ ಅಂದರೆ ಸಾಮಾನ್ಯವಾಗಿ ಸಾವಿರ ಪ್ರತಿ, ಕೆಲವು ಸಲ ಅದಕ್ಕಿಂತಲೂ ಕಡಿಮೆ. ನೂರು ಜನ ಪಿಡಿಎಫ್ ಓದಿದರೆ ಹತ್ತನೇ ಒಂದು ಪಾಲು ಹೋಯಿತು. ಆ ಲೇಖಕರು ಮುಂದಿನ ಥ್ರಿಲ್ಲರ್ ಬರೆಯುವುದು ಹೇಗೆ? ಕೊಂಡ ಪುಸ್ತಕವನ್ನು ಹತ್ತು ಜನಕ್ಕೆ ಕೊಡಿ, ಅದು ಸರಿ. ಪಿಡಿಎಫ್ ಹಂಚಬೇಡಿ. ಫೋನಿನಲ್ಲೇ ಕನ್ನಡ ಓದಬೇಕಿದ್ದರೆ ಮೈಲ್ಯಾಂಗ್ ಆ್ಯಪ್‌ನಲ್ಲಿ ಇ-ಪುಸ್ತಕ, ಆಡಿಯೊ ಪುಸ್ತಕ ಕೊಳ್ಳಬಹುದು. ಪ್ರತಿಲಿಪಿ ಆ್ಯಪ್‌ನಲ್ಲಿ ಹೊಸಬರ ದೆವ್ವದ ಕತೆಗಳು ಬೇಕಾದಷ್ಟಿವೆ. ಜೊಳ್ಳೂ ಇದೆ, ಕಾಳೂ ಇದೆ. ಮೂರು ಕಂತು ಓದಿ ಹಿಡಿಸದಿದ್ದರೆ ಬಿಟ್ಟುಬಿಡಿ.

ಹೆಜ್ಜೆ 7: ಬಳಗ ಕಟ್ಟುವುದು

ಐದು ಜನ ಸಾಕು. ತಿಂಗಳಿಗೆ ತಲಾ 200 ರೂಪಾಯಿ ಹಾಕಿದರೆ ಸಾವಿರ. ಅದರಲ್ಲಿ ನಾಲ್ಕು ಹೊಸ ಪುಸ್ತಕ ಬರುತ್ತದೆ. ನಾಲ್ಕನ್ನೂ ಐದು ಜನವೂ ಓದಿದರೆ ಒಬ್ಬರಿಗೆ ಒಂದು ಪುಸ್ತಕ 50 ರೂಪಾಯಿಗೆ ಬಿತ್ತು. ವರ್ಷದ ಕೊನೆಗೆ 48 ಪುಸ್ತಕ. ಚೀಟಿ ಎತ್ತಿ ಹಂಚಿಕೊಳ್ಳಿ, ಇಲ್ಲಾ ಊರಿನ ಶಾಲೆಗೋ ಅರಿವು ಕೇಂದ್ರಕ್ಕೋ ಕೊಡಿ. ಶಾಲೆಗೆ ಕೊಡುವ ಮುನ್ನ ಮಕ್ಕಳ ವಯಸ್ಸಿಗೆ ಹೊಂದುತ್ತದಾ ಅಂತ ಆರಿಸಿ.

ಒಂದು ನೂರು ಪುಟದ ನೋಟ್‌ಬುಕ್ ಬೇಕು. ಪುಸ್ತಕದ ಹೆಸರು, ತಗೊಂಡವರು, ತಾರೀಖು, ಮುಂದೆ ಯಾರಿಗೆ. ಇಷ್ಟೇ. ನೆನಪಿನ ಮೇಲೆ ಬಿಟ್ಟರೆ ಪುಸ್ತಕವೂ ಹೋಗುತ್ತದೆ, ಸ್ನೇಹವೂ ಹೋಗುತ್ತದೆ. ಒಬ್ಬರ ಕೈಯಲ್ಲಿ ಹತ್ತು ದಿನ ಅಂತ ಇಟ್ಟುಕೊಳ್ಳಿ. ಅಡಿಕೆ ಕೊಯ್ಲಿನ ಸಮಯದಲ್ಲಿ ನಾವು ಅದನ್ನು ಒಂದು ತಿಂಗಳು ಮಾಡುತ್ತೇವೆ. ಹಗಲಿಡೀ ದುಡಿದು, ರಾತ್ರಿ ಸುಲಿಯಲು ಕೂತವರಿಗೆ ಓದಲು ಪುರುಸೊತ್ತೆಲ್ಲಿ? ಆ ದಿನಗಳಲ್ಲಿ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಅಡಿಕೆ ಸುಲಿಯುತ್ತಾ ಕೇಳುತ್ತಾರೆ. ದೆವ್ವದ ಕತೆಗೆ ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ.

ಊರಿಂದೂರಿಗೆ ಪುಸ್ತಕ ಕಳಿಸಲು ಬಸ್ಸೇ ಸಾಕು. ಪರಿಚಯದ ಕಂಡಕ್ಟರ್ ಕೈಯಲ್ಲಿ ಕೊಟ್ಟು, ಇಳಿಸಿಕೊಳ್ಳುವವರ ನಂಬರ್ ಕವರಿನ ಮೇಲೆ ಬರೆಯಿರಿ. ಎರಡು ಪ್ಲಾಸ್ಟಿಕ್ ಕವರ್ ಹಾಕಿ, ಮಳೆಗಾಲದಲ್ಲಿ ಮೂರು.

ಹೆಜ್ಜೆ 8: ಓದಿದ್ದನ್ನು ಹೇಳುವುದು

ನಮ್ಮಲ್ಲಿ ಪ್ರತಿ ಭಾನುವಾರ "ಈಗ ಏನು ಓದುತ್ತಿದ್ದೀರಿ" ಅಂತ ಎಲ್ಲರೂ ವಾಟ್ಸಾಪಿನಲ್ಲಿ ಬರೆಯುತ್ತಾರೆ. ಓದಿ ಮುಗಿಸಿರಬೇಕು ಅಂತಿಲ್ಲ. ಅರ್ಧದಲ್ಲಿರುವಾಗಿನ ಊಹೆ, ಹೆದರಿಕೆ, ಬೇಜಾರು ಇವೇ ಓದಲು ಚೆಂದ.

ಹೇಳುವಾಗ ಐದು ವಿಷಯ ಸಾಕು: ಎಲ್ಲಿ ನಡೆಯುತ್ತದೆ, ಯಾರ ಹಿಂದೆ ಹೋಗುತ್ತೇವೆ, ಯಾವ ಬಗೆಯ ಭಯ, ಎಷ್ಟು ವೇಗ, ಯಾರಿಗೆ ಬೇಡ. ತೇಜಸ್ವಿಯವರ ‘ಜುಗಾರಿ ಕ್ರಾಸ್’ ಬಗ್ಗೆ ನಮ್ಮ ಹೊಸನಗರದ ಹುಡುಗ ಬರೆದದ್ದು ಹೀಗಿತ್ತು: "ಏಲಕ್ಕಿ ಮಾರಲು ಹೊರಟ ಗಂಡ-ಹೆಂಡತಿ. ನಮ್ಮ ಘಟ್ಟದಂಥದೇ ಕಾಡು. ಒಂದು ದಿನದೊಳಗೆ ಎಲ್ಲ ನಡೆದುಹೋಗುತ್ತದೆ. ದೆವ್ವ ಇಲ್ಲ, ಮನುಷ್ಯರೇ ಸಾಕು ಹೆದರಿಸಲು. ಸಂಜೆ ಶುರು ಮಾಡಿದರೆ ಊಟ ತಡವಾಗುತ್ತದೆ." ಇದರಲ್ಲಿ ಒಂದು ಗುಟ್ಟೂ ಹೊರಬಿದ್ದಿಲ್ಲ. ಆದರೆ ಓದಬೇಕು ಅನ್ನಿಸುತ್ತದೆ ಅಲ್ವಾ?

"ಕೊನೆಯಲ್ಲಿ ದೊಡ್ಡ ತಿರುವಿದೆ" ಅಂತಲೂ ಹೇಳಬೇಡಿ. ಅಷ್ಟು ಕೇಳಿದವರು ಪ್ರತಿ ಪುಟದಲ್ಲೂ ಆ ತಿರುವನ್ನೇ ಹುಡುಕುತ್ತಾರೆ. "ಇಂಥವನನ್ನು ನಂಬಬೇಡ" ಅನ್ನುವುದಂತೂ ಬೇಡವೇ ಬೇಡ.

"ಯಾರಿಗೆ ಬೇಡ" ಅನ್ನುವುದನ್ನು ನಾನು ತಪ್ಪು ಮಾಡಿ ಕಲಿತೆ. ಆರು ತಿಂಗಳ ಬಾಣಂತಿಯೊಬ್ಬಳಿಗೆ ‘ತುಳಸಿದಳ’ ಕೊಟ್ಟಿದ್ದೆ. ಅದರಲ್ಲಿ ಮಾಟಕ್ಕೆ ಸಿಕ್ಕು ನರಳುವುದು ಒಂದು ಪುಟ್ಟ ಹುಡುಗಿ. ಎರಡೇ ದಿನಕ್ಕೆ ವಾಪಸ್ ತಂದು ಕೊಟ್ಟಳು. "ಮಗು ಮಲಗಿದ್ದಾಗ ಓದ್ತಿದ್ದೆ ಅಕ್ಕ. ಉಸಿರಾಡ್ತಿದ್ಯಾ ಅಂತ ಮತ್ತೆ ಮತ್ತೆ ಎದ್ದು ನೋಡಿದೆ. ಮೊದಲೇ ಒಂದು ಮಾತು ಹೇಳಬೇಕಿತ್ತು ನೀವು" ಅಂದಳು. ಅವಳ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಅವತ್ತಿನಿಂದ ಪ್ರತಿ ಪುಸ್ತಕದ ಒಳರಟ್ಟಿನಲ್ಲಿ ಒಂದು ಚೀಟಿ ಇಡುತ್ತೇವೆ. ಮಗುವಿನ ಸಾವು, ಆತ್ಮಹತ್ಯೆ, ಹೆಂಗಸರ ಮೇಲಿನ ಹಿಂಸೆ ಇದ್ದರೆ ಅಷ್ಟನ್ನೇ ಬರೆದಿರುತ್ತೇವೆ. ಕತೆ ಬಿಟ್ಟುಕೊಡದೆ ಎಚ್ಚರಿಸಲು ಅಷ್ಟು ಸಾಕು.

ಹೆಜ್ಜೆ 9: ಮಳೆಗಾಲ

ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಪುಸ್ತಕಗಳ ಶತ್ರು ಥಂಡಿ. ಗೋಡೆಗೆ ತಾಗಿಸಿ ಇಡಬೇಡಿ, ಒಂದು ಕೈ ಅಗಲ ಬಿಡಿ. ಒತ್ತಿ ಜೋಡಿಸಬೇಡಿ, ನಡುವೆ ಗಾಳಿ ಆಡಲಿ. ನೆಲದ ಮೇಲಿನ ಪೆಟ್ಟಿಗೆಗೆ ಒರಲೆ ಹತ್ತುತ್ತದೆ, ಕಾಲಿರುವ ಬೆಂಚಿನ ಮೇಲಿಡಿ. ಬೇವಿನ ಎಲೆಯನ್ನು ಚೆನ್ನಾಗಿ ಒಣಗಿಸಿಯೇ ಹಾಕಿ, ಹಸಿ ಎಲೆ ಹಾಕಿದರೆ ಅದೇ ಬೂಷ್ಟು ತರುತ್ತದೆ. ನಮ್ಮ ಕಡೆ ಲಾವಂಚದ ಬೇರನ್ನೂ ಇಡುತ್ತೇವೆ, ವಾಸನೆಯೂ ಚೆಂದ.

ಪುಸ್ತಕ ನೆನೆದರೆ ಒಲೆಯ ಹತ್ತಿರ ಹಿಡಿಯಬೇಡಿ, ಹಾಳೆ ಸೊಟ್ಟಗಾಗುತ್ತದೆ. ಹತ್ತತ್ತು ಪುಟಕ್ಕೆ ಒಂದು ಹಳೇ ನ್ಯೂಸ್‌ಪೇಪರ್ ಚೂರು ಇಟ್ಟು ಫ್ಯಾನಿನ ಕೆಳಗೆ ನಿಲ್ಲಿಸಿ. ಗಂಟೆಗೊಮ್ಮೆ ಪೇಪರ್ ಬದಲಿಸಿ. ಒಣಗಿದ ಮೇಲೆ ಮಣೆಯ ಕೆಳಗೆ ಇಟ್ಟು ಮೇಲೊಂದು ಕಲ್ಲು ಹೇರಿ. ಬೂಷ್ಟು ಬಂದಿದ್ದರೆ ಬಿಸಿಲು ಬಿದ್ದ ದಿನ ಅಂಗಳಕ್ಕೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬ್ರಷ್ಷಿನಲ್ಲಿ ತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ.

176ಕ್ಕೆ ನಿಂತ ಆ ಪುಸ್ತಕ ಈಗಲೂ ಬಳಗದಲ್ಲಿದೆ. ಕೊನೆಯ ರಟ್ಟಿನ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ: "ಮುಂದಿನ ಪುಟಗಳಿಗೆ ಸಾಗರಕ್ಕೆ ಫೋನ್ ಮಾಡಿ. ರಾತ್ರಿ ಒಂಬತ್ತರ ಒಳಗೆ."